ಅನ್ನವ್ವ ಹಾಕಿಬಂದ ಹಿಡಿಗಳು

ಮಗ್ಗದ ಕುಣಿಯಲ್ಲಿ ಒಂದು ದಿನವೂ ಕಾಲು ಇಳಿಬಿಡದವರು ಮಗ್ಗದವರ ಸಂಕಟ ಹೇಳಲು ಹೊರಟರೆ ಅದು ಅಧಿಕಪ್ರಸಂಗವೇ ಸರಿ. ಆದ್ದರಿಂದ ಮೊದಲೇ ಕೈಮುಗಿದು ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಹೇಳುವಾಗ ಒಂದೆರಡು ಎಳೆ ತಪ್ಪಬಹುದು. ಗಜೇಂದ್ರಗಡದ ಗುಡ್ಡದ ಬುಡದ ಓಣಿಯವರು ಯಾರಾದರೂ ಓದಿದರೆ, ಹಿಂಗಲ್ಲ, ಹಾಂಗ ಎಂದು ತಿದ್ದಲಿ. ಬೈದರೂ ಬೈಯಲಿ. ಅನ್ನವ್ವನನ್ನು ಮಾತ್ರ ಬೈಯದಿರಲಿ, ಅವಳು ಬೈಸಿಕೊಂಡದ್ದು ಸಾಕಷ್ಟಾಗಿದೆ.

ಅನ್ನವ್ವ ಸೀರೆ ನೇಯುವವಳಲ್ಲ, ಕೆಚ್ಚುವವಳು. ಮಗ್ಗದ ಮೇಲಿನ ಹಾಸು, ಅಂದರೆ ಉದ್ದಕ್ಕೆ ಕಟ್ಟಿದ ಎಳೆಗಳು, ನೇಯ್ದು ಮುಗಿದಾಗ ಸೀರೆಯನ್ನು ಕೊಯ್ದುಕೊಳ್ಳುತ್ತಾರೆ, ಆದರೆ ಹಾಸಿನ ಬಾಲವನ್ನು ಮಗ್ಗದಲ್ಲಿ ಹಾಗೇ ಬಿಡುತ್ತಾರೆ. ಆ ಹಳೆಯ ಎಳೆಗಳ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸಬೇಕು. ಅದೇ ಕೆಚ್ಚುವುದು. ಬೆರಳಿಗೆ ಬೂದಿ ಹಚ್ಚಿಕೊಳ್ಳಬೇಕು, ಹಳೆಯದೊಂದು ಹೊಸದೊಂದು ಎತ್ತಬೇಕು, ಹೆಬ್ಬೆರಳಿನಿಂದ ಹೊಸೆದು ಮಲಗಿಸಬೇಕು. ಹೀಗೆ ಸಾವಿರಾರು ಸಲ. ಈ ಅಂಚಿನಿಂದ ಆ ಅಂಚಿಗೆ ಹೋಗಿ ಮುಟ್ಟಿದಾಗ ಹಳೆಯ ಎಳೆಗಳೂ ಹೊಸ ಎಳೆಗಳೂ ಒಟ್ಟಿಗೇ ಮುಗಿಯಬೇಕು. ಒಂದು ಉಳಿಯಿತೆಂದರೆ ನಡುವೆ ಎಲ್ಲೋ ಕೈ ತಪ್ಪಿದೆ ಎಂದೇ ಅರ್ಥ. ಅನ್ನವ್ವ ಎದ್ದಮೇಲೆ ಎಳೆ ಉಳಿದದ್ದನ್ನು ಓಣಿಯಲ್ಲಿ ಯಾರೂ ಕಂಡಿರಲಿಲ್ಲ. ಆದರೂ ಪ್ರತಿ ಸಲ ಕೊನೆಯ ಎಳೆ ಹೊಸೆಯುವವರೆಗೆ ಅವಳ ಎದೆ ಡವಗುಟ್ಟುತ್ತಲೇ ಇರುತ್ತಿತ್ತು. "ಇಷ್ಟ ವರ್ಸ ಆತು, ಇನ್ನೂ ಹೆದರ್ತೀಯಲ್ಲ" ಎಂದು ಗಂಡ ಅಂದಾನಪ್ಪ ನಗುತ್ತಿದ್ದ. "ಹೆದರಿದ್ದಕ್ಕ ಇಷ್ಟ ವರ್ಸ ಆತು" ಅನ್ನುತ್ತಿದ್ದಳು ಅವಳು.

ಹೋದ ಬೇಸಿಗೆಯಲ್ಲಿ ಎಳೆಗಳು ಬಾಗತೊಡಗಿದವು. ಬಿಗಿಯಾಗಿ ಕಟ್ಟಿದ ಹಾಸು, ಬಾಗುವುದು ಹೇಗೆ? ಅನ್ನವ್ವ ಎದ್ದು ಹೋಗಿ ಹಗ್ಗ ಎಳೆದು ನೋಡಿದಳು, ಬಿಗಿಯಾಗಿಯೇ ಇತ್ತು. ಬಂದು ಕೂತರೆ ಮತ್ತೆ ನಡುವಿನ ಎಳೆಗಳು ಗಾಳಿಗೆ ತೂಗಿದ ಜೋಳದ ದಂಟಿನ ಹಾಗೆ ಒಂದು ಕಡೆ ವಾಲಿದ್ದವು. ಯಾರಿಗೂ ಹೇಳಲಿಲ್ಲ. ಮಳೆಗಾಲ ಹಿಡಿಯುವ ಹೊತ್ತಿಗೆ ನೋಡಿದಲ್ಲೆಲ್ಲ ಒಂದು ಮಸಿ ಚುಕ್ಕೆ. ಎಳೆಯ ಅಕ್ಕಪಕ್ಕದ್ದೆಲ್ಲ ಕಾಣುತ್ತದೆ, ಎತ್ತಬೇಕಾದ ಎಳೆ ಮಾತ್ರ ಇಲ್ಲ.

ರೋಣದಲ್ಲಿ ಕಣ್ಣಿನ ಶಿಬಿರ ಇಟ್ಟಾಗ ಸೊಸೆ ನೀಲಾ ಬಲವಂತದಿಂದ ಕರೆದುಕೊಂಡು ಹೋದಳು. ನೀಲಾ ಪುರ್ತಗೇರಿಯ ಹೊಲದ ಮನೆಯವಳು. ಅವಳ ಗಂಡ, ಅನ್ನವ್ವನ ಮಗ ಕಳಕೇಶ, ಖಾಸಗಿ ಬಸ್ಸಿನ ಕಂಡಕ್ಟರ್. ವಾರಕ್ಕೊಮ್ಮೆ ಮನೆಗೆ ಬರುವವನು. ಶಿಬಿರದಲ್ಲಿ ಸಣ್ಣ ವಯಸ್ಸಿನ ಒಬ್ಬ ಹೆಣ್ಣು ಡಾಕ್ಟರ್ ಬೆಳಕು ಹಾಕಿ ಬಹಳ ಹೊತ್ತು ನೋಡಿದಳು.

"ಅಮ್ಮಾ, ಕಣ್ಣಿನ ಪರದಿ ನಡುವ ಸವದೈತ್ರಿ. ಪೂರಾ ಕುರುಡ ಆಗೂದಿಲ್ಲ, ಹೆದರಬ್ಯಾಡ್ರಿ. ಬಾಗಲಾ ಕಾಣ್ತೈತಿ, ಗ್ವಾಡಿ ಕಾಣ್ತೈತಿ, ಮಂದಿ ಬಂದದ್ದೂ ಕಾಣ್ತೈತಿ. ಆದ್ರ ನೀವು ಯಾವುದನ್ನ ದಿಟ್ಟಿಸಿ ನೋಡಾಕ ಹೋಗ್ತೀರಿ, ಅದ ಕಾಣೂದಿಲ್ಲ."

"ಔಷಧಿ?"

"ಈ ರೋಗದಾಗ ಎರಡ ನಮೂನಿ ಅದಾವ್ರಿ, ನಿಮ್ಮದು ಒಣದು. ಇಂಜೆಕ್ಷನ್ನಿಗೆ ಬಗ್ಗೂದಲ್ಲ. ಗುಳಿಗಿ ಕೊಡ್ತೀನಿ, ಸವೆಯೂದು ಸ್ವಲ್ಪ ನಿಧಾನ ಆದೀತು."

"ಇನ್ನ ಎಷ್ಟ ದಿನಾರಿ?"

"ಹೇಳಾಕ ಬರೂದಿಲ್ರಿ. ಸಣ್ಣ ಕೆಲಸಾ ಬಿಟ್ಟಬಿಡ್ರಿ. ರಿಟೈರ್ ಆಗ್ರಿ."

ಅನ್ನವ್ವನಿಗೆ ನಗು ಬಂತು. "ರಿಟೈರ್ ಆಗಾಕ ನಾ ಏನ್ ಸಾಲಿ ಮಾಸ್ತರೇನ್ರಿ? ನಮ್ಮ ಕೆಲಸದಾಗ ಹಳೇದು ಮುಗದಲ್ಲೇ ಹೊಸಾದು ಕಟ್ಟಿರ್ತಾರ. ಬಿಡಾಕ ಎಲ್ಲಿ ಜಾಗಾ ಐತಿ?" ಡಾಕ್ಟರೂ ನಕ್ಕಳು.

ರೋಣದ ಬಸ್‌ಸ್ಟ್ಯಾಂಡಿನಲ್ಲಿ ಊರಿನ ಬಸ್ಸು ಬಂದು ನಿಂತಿತು. ನಡುವಯಸ್ಸಿನಲ್ಲಿ ಸಂಜೆ ಸಾಲೆಗೆ ಹೋಗಿ ಅಕ್ಷರ ಕಲಿತವಳು ಅನ್ನವ್ವ. ಬೋರ್ಡು ಓದದೆ ಬಸ್ಸು ಹತ್ತುವವಳಲ್ಲ. ಅವತ್ತು ಮೊದಲ ಅಕ್ಷರ ಕಂಡಿತು, ಕೊನೆಯದು ಕಂಡಿತು. ನಡುವೆ ಊರೇ ಇರಲಿಲ್ಲ. "ಇದ ಹೌದಿಲ್ಲ?" ಎಂದು ಸೊಸೆಯನ್ನು ಕೇಳಿ ಹತ್ತಿದಳು. ಹಾಗೆ ಕೇಳಿದ್ದು ಅದೇ ಮೊದಲು.

ಮನೆಗೆ ಬಂದವಳೇ ತೀರ್ಮಾನ ಮಾಡಿದಳು. ಮಹಾನವಮಿಗೆ ಮಗ್ಗ, ಲಾಳಿ, ಕತ್ತರಿ ಎಲ್ಲ ಪೂಜೆಗೆ ಇಡುತ್ತಾರಲ್ಲ, ಅವತ್ತು ಬೂದಿಯ ಬಟ್ಟಲನ್ನೂ ಇಟ್ಟು ಕೈಮುಗಿಯುವುದು. ಮತ್ತೆ ಎತ್ತಿಕೊಳ್ಳುವುದಿಲ್ಲ. ಅಷ್ಟರೊಳಗೆ ಮುಗಿಸಬೇಕಾದ ಕೆಲಸ ಒಂದೇ: ಮನೆಯ ಮಗ್ಗದ ಹಸಿರು ಹಾಸು. ಮಗಳು ಭುವನೇಶ್ವರಿಯನ್ನು ಚಿಕ್ಕನರಗುಂದಕ್ಕೆ ಕೊಟ್ಟಿತ್ತು. ಬಸುರಿ. ದೀಪಾವಳಿಯ ಹೊತ್ತಿಗೆ ಕುಬಸ, ಅಂದರೆ ಸೀಮಂತ. ಕುಬಸಕ್ಕೆ ತವರಿನ ಹಸಿರು ಸೀರೆ ಹೋಗಬೇಕು. ಅನ್ನವ್ವ ಕೆಚ್ಚಿದರೆ ಅಂದಾನಪ್ಪ ನೇಯುತ್ತಾನೆ. ಅಷ್ಟೇ. ಒಂದು ಹಾಸು, ನಿಧಾನಕ್ಕೆ ಕೂತರೂ ಆಗುವ ಕೆಲಸ.

ಆದರೆ ಅಂದಾನಪ್ಪ ಚಹಾದ ಅಂಗಡಿಯಲ್ಲಿ ಬಾಯಿಬಿಟ್ಟ. "ನಮ್ಮಾಕಿ ನವಮಿಗಿ ಕೈ ತೊಳಕೋತಾಳ" ಅಂದ. ಮಾತು ಅವನಿಗಿಂತ ಮೊದಲೇ ಓಣಿಗೆ ಬಂದು ಮುಟ್ಟಿತು.

ಮೊದಲು ಬಂದವಳು ಎದುರು ಮನೆಯ ಗಾಳೆವ್ವ. ಗಂಡನಿಲ್ಲದವಳು, ಒಬ್ಬಳೇ ಮಗ್ಗ ಹಿಡಿದವಳು. "ಯಕ್ಕಾ, ಬಿಡ್ತಿ ಅಂದ್ರ ಬಿಡವಾ, ನಾ ಬ್ಯಾಡ ಅನ್ನಂಗಿಲ್ಲ. ನಂದೊಂದು ಹಾಸು ಕೆಚ್ಚಿಬಿಡು. ನಿನ್ನ ಕೈದು ಅಂದ್ರ ನನ್ನ ಮಗ್ಗ ಮುನಿಯೂದಿಲ್ಲ."

ಅವಳ ಹಿಂದೆ ಶರಣಬಸಪ್ಪ. ಬಾಯಿ ಜೋರು, ಓಣಿಯಲ್ಲಿ ಅವನ ಮಗ್ಗದ ಸದ್ದೂ ಜೋರು. "ವೈನಿ, ಕಲೆಕ್ಟರ್ ಸಾಹೇಬ್ರ ರಿಟೈರ್ ಆಗೂ ಮುಂದ ಎಲ್ಲಾ ಫೈಲಿಗೂ ಸೈನ್ ಮಾಡಿ ಹೋಗ್ತಾರಂತ. ನೀನೂ ಮಾಡಬೇಕಲ್ಲ."

ಬಂದವರು ಇನ್ನೂ ಇದ್ದರು. ಅವರು ಹೀಗೆ ಬಂದದ್ದು ಪ್ರೀತಿಯಿಂದಲೇ. ಕಡೆಯ ಸಲ ಅವಳ ಕೈಯದೊಂದು ಹಾಸು ಬೇಕು ಅನ್ನುವುದು ಓಣಿಯವರಿಗೆ ಆಶೀರ್ವಾದ ಕೇಳಿದ ಹಾಗೆ. ಇಲ್ಲ ಅನ್ನುವುದು ಅನ್ನವ್ವನ ಬಾಯಿಗೆ ಬರಲಿಲ್ಲ. ಕಣ್ಣಿನ ವಿಚಾರ ಹೇಳಿದ್ದರೆ ಬಿಡುತ್ತಿದ್ದರು. ಆದರೆ ಹೇಳಿದರೆ ಇಷ್ಟು ದಿನ ಕೆಚ್ಚಿಕೊಟ್ಟದ್ದರ ಮೇಲೂ ಅನುಮಾನ ಬೀಳುತ್ತದಲ್ಲ? ಹೋದ ತಿಂಗಳ ಸೀರೆಯಲ್ಲಿ ಗೆರೆ ಇತ್ತಲ್ಲ, ಅದಕ್ಕೇ ಇರಬೇಕು ಅಂದುಬಿಟ್ಟರೆ? ಸೊಸೆಗೂ ಗಂಡನಿಗೂ ಕಣ್ಣಿನ ಮಾತು ಹೊರಗೆ ಹೋಗಬಾರದೆಂದು ಆಣೆ ಹಾಕಿದಳು. ಮಂಡಿನೋವು, ಅದಕ್ಕೇ ಬಿಡುತ್ತೇನೆ ಅಂದಳು ಓಣಿಗೆಲ್ಲ.

ಇಲ್ಲಿ ಮಗ್ಗದವರ ಒಂದು ಪದ್ಧತಿ ಹೇಳಬೇಕು. ಕೆಚ್ಚುವವಳು ಒಪ್ಪಿಕೊಂಡದ್ದಕ್ಕೆ ಗುರುತು ಬಾಯಿಮಾತಲ್ಲ. ಬಂದು ಕೂತು, ಅಂಚಿನ ಕಡೆಯ ಒಂದು ಹಿಡಿಯಷ್ಟು ಎಳೆ ಹೊಸೆದು, ಅದಕ್ಕೊಂದು ಸಡಿಲ ಗಂಟು ಹಾಕಿ ಎದ್ದರೆ ಆ ಹಾಸು ಅವಳದು. ಮೊದಲ ಹಿಡಿ ಅಂತಾರೆ. ಆಮೇಲೆ ಬೇರೆ ಯಾರೂ ಅದನ್ನು ಮುಟ್ಟುವಂತಿಲ್ಲ. ಒಬ್ಬೊಬ್ಬರು ಹೊಸೆಯುವ ತಿರುವು ಒಂದೊಂದು. ಎರಡು ಕೈ ಬಿದ್ದ ಹಾಸು ಬಾಚಣಿಗೆಯಂಥ ಫಣಿಯ ಹಲ್ಲುಗಳ ನಡುವೆ ಎಳೆಯುವಾಗ ಬಿಚ್ಚಿಕೊಳ್ಳುತ್ತದೆ ಎಂಬ ನಂಬಿಕೆ. ನಿಜವೋ ಸುಳ್ಳೋ, ಪರೀಕ್ಷೆ ಮಾಡಿದವರಿಲ್ಲ.

ಗಾಳೆವ್ವನಿಗೆ ಸಮಾಧಾನವಾಗಲಿ ಎಂದು ಅನ್ನವ್ವ ಮರುದಿನವೇ ಹೋಗಿ ಒಂದು ಹಿಡಿ ಹಾಕಿ ಬಂದಳು. ಅದು ಗೊತ್ತಾಗಿ ಶರಣಬಸಪ್ಪ, "ಓಹೋ, ಹೆಣ್ಣಮಕ್ಕಳಿಗೆ ಮೊದಲ ಪಂಕ್ತಿ ಏನ?" ಅಂದ. ಅವನಲ್ಲೂ ಒಂದು ಹಿಡಿ ಹಾಕಿದಳು. ಹಿಡಿ ಹಾಕಿದ ಮನೆಯವರು ಚಹಾ ಕೊಟ್ಟು, "ಸಾವಕಾಶ ಬಾರವಾ, ನಿನ್ನ ಹಿಡಿ ಐತಿ, ನಮಗ ಚಿಂತಿಲ್ಲ" ಅನ್ನುತ್ತಿದ್ದರು. ಆ ಮಾತು ಕೇಳಿದರೆ ಅವಳಿಗೆ ಆ ಹೊತ್ತಿನ ಮಟ್ಟಿಗೆ ಕಣ್ಣು ಬಂದಷ್ಟು ಹಿತವಾಗುತ್ತಿತ್ತು. ಯಾರಿಗೂ ಬೇಜಾರಾಗದಿರಲಿ ಎಂದು ಕರೆದ ಮನೆಗೆಲ್ಲ ಹೋಗಿ ಹಿಡಿ ಹಾಕಿದಳು. ತನ್ನ ಮನೆಯ ಹಸಿರು ಹಾಸಿಗೂ ಒಂದು ಹಿಡಿ ಹಾಕಿ ಎದ್ದಳು. ಮನೆಯದು ಎಲ್ಲಿಗೆ ಓಡುತ್ತದೆ, ಮೊದಲು ಮಂದಿಯದು ಆಗಲಿ ಎಂದು.

ಮಗ್ಗವಷ್ಟೇ ಅಲ್ಲ. ಬಿಡುವ ದಿನ ಹತ್ತಿರ ಬಂದಷ್ಟೂ ಅವಳಿಗೆ ಮಾಡದೆ ಬಿಟ್ಟದ್ದೆಲ್ಲ ನೆನಪಾಗತೊಡಗಿತು. ಹುಟ್ಟುವ ಕೂಸಿಗೆ ಕೌದಿ ಹೊಲಿಯಲು ಹಳೆಯ ಸೀರೆಗಳನ್ನು ಹರಿದು ಹಾಸಿದಳು, ಒಂದು ಮೂಲೆ ಹೊಲಿದು ಸುತ್ತಿಟ್ಟಳು. ಕುಣಿಯ ಗೋಡೆಗೆ ಮಣ್ಣು ಮೆತ್ತಬೇಕೆಂದು ಮಣ್ಣು ನೆನೆಹಾಕಿದಳು. ಅದು ಅಂಗಳದಲ್ಲಿ ಒಣಗಿ ಹೆಂಟೆಯಾಯಿತು. ಸಿಕ್ಕಾದ ನೂಲಿನ ಉಂಡೆಗಳನ್ನೆಲ್ಲ ಬಿಡಿಸುತ್ತೇನೆಂದು ಅಟ್ಟದಿಂದ ಇಳಿಸಿದಳು. ಮನೆಯಲ್ಲಿ ಕಾಲಿಡಲು ಜಾಗವಿಲ್ಲ.

"ಮನಿಯೋ, ಸಂತಿಯೋ?" ಎಂದ ಅಂದಾನಪ್ಪ. ಅವನ ಮಗ್ಗ ನಿಂತು ದಿನಗಳಾಗಿದ್ದವು. ಖಾಲಿ ಕುಣಿಯ ಅಂಚಿನಲ್ಲಿ ಕೂತು ಕಾಲು ಆಡಿಸುತ್ತಿದ್ದ.

"ಎಲ್ಲಾ ಮುಗಸ್ತೀನಿ."

"ಚಾಲೂ ಮಾಡೂದರಾಗ ನಿನಗ ಪದಕಾ ಕೊಡಬೇಕು ನೋಡು."

ಅವನು ಚೇಷ್ಟೆಗೆ ಅಂದದ್ದು. ಅವಳು ಅಡುಗೆಮನೆಗೆ ಹೋಗಿ ಬಾಗಿಲಿಗೆ ಒರಗಿ ನಿಂತಳು. ಅವಳಿಗೂ ಗೊತ್ತಿತ್ತು. ಯಾವುದನ್ನಾದರೂ ಕೊನೆಯ ಎಳೆಯ ತನಕ ಒಯ್ದರೆ ಆಗ ಗೊತ್ತಾಗಿಬಿಡುತ್ತದೆ, ಎಳೆ ಉಳಿಯಿತೋ ಇಲ್ಲವೋ, ಕೈ ಇನ್ನೂ ಇದೆಯೋ ಹೋಯಿತೋ. ಒಂದು ಹಿಡಿ ಹಾಕಿ ಎದ್ದರೆ ಗೊತ್ತಾಗುವುದಿಲ್ಲ.

ಗಣಪತಿ ಹಬ್ಬ ಕಳೆದಮೇಲೆ ಗಾಳೆವ್ವನ ಹಾಸು ಕೆಚ್ಚಲು ಕೂತಳು. ನಡು ಹಗಲು, ಬಾಗಿಲಲ್ಲಿ ಬಿಸಿಲು. ಕುತ್ತಿಗೆ ವಾಲಿಸಿ ಓರೆಗಣ್ಣಿನಿಂದ ನೋಡಿದರೆ ಎಳೆ ಸ್ವಲ್ಪ ಕಾಣುತ್ತಿತ್ತು. ದಿಟ್ಟಿಸಿದರೆ ಮಾಯ. ಕೋಳಿ ಕಾಳು ನೋಡುವ ಹಾಗೆ ತಲೆ ಆಚೆ ಈಚೆ ತಿರುಗಿಸುತ್ತ ಕೆಚ್ಚಿದಳು. ಕಾಲು ಭಾಗವೂ ಆಗಿರಲಿಲ್ಲ, ಕುತ್ತಿಗೆ ಕಲ್ಲಾಯಿತು, ಕಣ್ಣಿನಿಂದ ನೀರು ಸುರಿಯಿತು.

ಗಾಳೆವ್ವ ಪಕ್ಕದಲ್ಲಿ ಕೂತು ಕಡಲೆ ಸುಲಿಯುತ್ತಿದ್ದಳು. ಬಾಗಿ ನೋಡಿದಳು. "ಯಕ್ಕಾ, ಇಲ್ಲಿ ಎರಡ ಹೊಸಾ ಎಳಿ ಒಂದಕ್ಕ ಬಿದ್ದಾವ ನೋಡು."

"ಎಲ್ಲಿ?"

"ಇಲ್ಲೇ. ನಿನ್ನ ಬಳ್ಳಿನ ತಳಗ."

ಅನ್ನವ್ವ ನೋಡಿದಳು. ಬೆರಳು ಇರಲಿಲ್ಲ, ಎಳೆ ಇರಲಿಲ್ಲ, ಒಂದು ಬೂದಿಬಣ್ಣದ ಕಲೆ ಇತ್ತು. "ಹ್ಞಾಂ, ಕಂಡ್ತು ಬಿಡು" ಎಂದಳು. ಕೈಯಿಂದ ತಡವಿದಳು. ಗಾಳೆವ್ವ ಸುಲಿಯುತ್ತಿದ್ದ ಕಡಲೆ ಬಿಟ್ಟು ಅವಳ ಮುಖವನ್ನೇ ನೋಡಿದಳು. ಏನೂ ಕೇಳಲಿಲ್ಲ. ಕೇಳದೆ ಇದ್ದದ್ದೇ ಅನ್ನವ್ವನಿಗೆ ತಾಳದಾಯಿತು. "ಮಂಡಿ ನೋಯ್ತೈತಿ, ನಾಳಿಗಿ ಬರ್ತೀನಿ" ಎಂದು ಎದ್ದಳು. ಓಣಿ ದಾಟುವಾಗ ಗುಡ್ಡದ ಮೇಲಿನ ಗಾಳಿಯಂತ್ರಗಳ ರೆಕ್ಕೆಗಳು ಕಣ್ಣಂಚಿಗೆ ಚೆನ್ನಾಗಿ ಕಂಡವು. ಅಷ್ಟು ದೂರದ್ದು ಕಾಣುತ್ತದೆ, ಕೈಯೊಳಗಿನದು ಕಾಣುವುದಿಲ್ಲ. ದೇವರ ಮೇಲೆ ಸಿಟ್ಟು ಬಂತು, ಮರುಕ್ಷಣ ಹೆದರಿ ಕೆನ್ನೆ ಬಡಿದುಕೊಂಡಳು.

ಮರುದಿನ ಅವಳು ಹೋಗಲಿಲ್ಲ. ಅದರ ಮರುದಿನವೂ.

ನೀಲಾ ಒಮ್ಮೆ ಬಾಯಿಬಿಟ್ಟಳು. "ಅತ್ತಿ, ನಾ ಕೂಡ್ಲ್ಯಾ? ನೀವು ಹೇಳ್ರಿ, ನಾ ಹೊಸೀತೀನಿ."

"ನೀ?" ಅನ್ನವ್ವನ ಸಿಟ್ಟಿಗೆಲ್ಲ ಹೊರಬರಲು ಒಂದು ದಾರಿ ಸಿಕ್ಕಿತು. "ಹತ್ತಿ ಬಿಡಿಸಿ, ಕಸಾ ಕಿತ್ತ ಕೈ ಅದು. ಅದರಾಗೂ ಎಡಗೈಯಾಕಿ. ನನ್ನ ಹಿಡಿ ಇದ್ದ ಹಾಸನ್ನ ಮುಟ್ಟೀಯಂದ್ರ ನೋಡು ಮತ್ತ! ಮಗಳ ಕುಬಸದ್ದು ಅದು."

ನೀಲಾ ಹೋಗಿ ರೊಟ್ಟಿ ಬಡಿಯಲು ಕೂತಳು. ಅವತ್ತು ರೊಟ್ಟಿಯ ಸಪ್ಪಳ ಸ್ವಲ್ಪ ಜೋರಾಗಿತ್ತು.

ಭುವನೇಶ್ವರಿ ಫೋನು ಮಾಡಿದಳು. "ಯವ್ವಾ, ನನ್ನ ಸೀರಿ ಎಲ್ಲಿತನಕ ಬಂತ ಬೇ?"

"ಆಗಾಕತ್ತೈತವ್ವಾ."

"ಹೋದ ಸಲಾನೂ ಹಿಂಗ ಅಂದಿ. ನಮ್ಮತ್ತಿ ಕೇಳಾಕತ್ತಾಳ, ನಿಮ್ಮ ತವರಾಗ ಮಗ್ಗ ಐತೋ ಇಲ್ಲಾ ಬರೇ ಕುಣಿ ಐತೋ ಅಂತ. ನಿನ್ನ ಸೀರಿ ಬರೂದರಾಗ ಕೂಸು ಸಾಲಿಗಿ ಹೊಕ್ಕೈತಿ ನೋಡು!"

ಮಗಳು ನಕ್ಕಳು. ಅನ್ನವ್ವನೂ ನಕ್ಕಳು. ಫೋನು ಇಟ್ಟಮೇಲೆ ಮಗ್ಗದ ಮುಂದೆ ಹೋಗಿ ನಿಂತಳು. ಹಸಿರು ಹಾಸು ಸಂಜೆಯ ಬೆಳಕಿನಲ್ಲಿ ಹರಡಿಕೊಂಡಿತ್ತು, ಅಂಚಿಗೆ ತನ್ನದೊಂದು ಹಿಡಿ. ಮುಂದೆ ಸರಿಯಲು ಮನಸ್ಸಾಗಲಿಲ್ಲ. ಇದರಲ್ಲಿ ಎಳೆ ಉಳಿದರೆ?

ಮಹಾನವಮಿ ಇನ್ನೇನು ಬಂತು ಅನ್ನುವಾಗ ಶರಣಬಸಪ್ಪ ಅಂಗಳದಲ್ಲಿ ಬಂದು ನಿಂತ. ಈ ಸಲ ನಗೆಚಾಟಿಕೆ ಇರಲಿಲ್ಲ.

"ವೈನಿ, ಇಳಕಲ್ಲಿಂದ ಕೆಚ್ಚಾಕಿನ್ನ ಕರಸಿದ್ದೆ."

"ಚಲೋ ಆತಲ್ಲ" ಎಂದಳು, ನಿಜವಾಗಿಯೂ ಹಗುರಾಗಿ.

"ಏನ್ ಚಲೋ? ಮಗ್ಗದ ಮುಂದ ಕುಂತ್ಲು, ನಿನ್ನ ಹಿಡಿ ನೋಡಿದ್ಲು, ಎದ್ದ್ಲು. ಯಾರ್ದೋ ಹಿಡಿ ಐತಿ, ನಾ ಮುಟ್ಟಂಗಿಲ್ರೀ ಅಂದ್ಲು. ಗಾಳೆವ್ವನ ಮನಿಗೆ ಕರಕೊಂಡು ಹೋದ್ರ ಅಲ್ಲೂ ನಿನ್ನ ಹಿಡಿ. ಅದರಾಚಿ ಮನಿಯಾಗೂ ನಿನ್ನ ಹಿಡಿ. ಓಣಿ ತುಂಬ ನಿಂದ! ಅಕಿ ಚಹಾ ಕುಡದು, ಬಂದ ಬಸ್ಸಿಗೇ ಹೊಳ್ಳಿ ಹೋದ್ಲು." ಅವನ ದನಿ ಏರಿತು. "ಮಂಡಿನೋವಂತ, ಮಂಡಿನೋವು! ಕೈಬಳ್ಳಿಗೂ ಮಂಡಿಗೂ ಏನ್ ಸಂಬಂಧ? ಆಗೂದಿಲ್ಲ ಅಂತ ಅವತ್ತ ಅಂದಿದ್ರ ನಮ್ಮ ದಾರಿ ನಾವು ನೋಡ್ಕೋತಿದ್ವಿ. ಸೀರಿ ಹಬ್ಬಕ್ಕ ಕೊಡ್ತೀನಿ ಅಂತ ಮಾತು ಕೊಟ್ಟ ಕುಂತೀನಿ. ಒಪ್ಪಿಕೊಂಡು ಒಪ್ಪಿಕೊಂಡು ಕೊಂದಿ ನೀ ನಮ್ಮನ್ನ."

ಅಂದಾನಪ್ಪ ಕುಣಿಯಿಂದ ಎದ್ದ. "ಏಯ್ ಶರಣ್ಯಾ, ದನೀ ತಗ್ಗಿಸು. ಅಕಿಗೆ ಕಣ್ಣು—"

"ಏ, ಸುಮ್ಮನಿರ್ರಿ!" ಅನ್ನವ್ವ ಚೀರಿದಳು. ಅಷ್ಟು ಜೋರಾಗಿ ಅವಳು ಚೀರಿದ್ದನ್ನು ಗಂಡ ಕೇಳಿರಲಿಲ್ಲ.

ಓಣಿ ನಿಶ್ಶಬ್ದವಾಗಿತ್ತು. ಆಗ ಅವಳಿಗೆ ಆ ನಿಶ್ಶಬ್ದ ಕೇಳಿಸಿತು. ಒಂದೂ ಲಾಳಿಯ ಸದ್ದಿಲ್ಲ. ಹಬ್ಬದ ಮುಂದೆ ಈ ಓಣಿಯಲ್ಲಿ ಮಾತು ಕೇಳದಷ್ಟು ಸದ್ದಿರಬೇಕು. ಎಲ್ಲ ಮಗ್ಗಗಳೂ ತನ್ನ ಹಿಡಿ ಹಿಡಿದುಕೊಂಡು ನಿಂತಿವೆ. ಒಳ್ಳೆಯವಳು ಅನ್ನಿಸಿಕೊಳ್ಳಲು ಹಾಕಿದ ಹಿಡಿ, ಒಬ್ಬೊಬ್ಬರ ಕುತ್ತಿಗೆಗೆ ಹಾಕಿದ ಹಾಗಾಗಿದೆ. ಗಾಳೆವ್ವ ಏನು ತಿನ್ನುತ್ತಿದ್ದಾಳೆ ಇಷ್ಟು ದಿನ? ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಅನ್ನವ್ವ ಒಳಗೆ ಹೋದಳು, ಗೂಡಿನಿಂದ ಕತ್ತರಿ ತಡವಿ ತೆಗೆದುಕೊಂಡಳು.

ಕೆಚ್ಚುವವಳು ತನ್ನ ಹಿಡಿಯನ್ನು ತಾನೇ ಕೊಯ್ದರೆ ಮುಗಿಯಿತು, ಮತ್ತೆ ಬೂದಿ ಮುಟ್ಟುವ ಹಾಗಿಲ್ಲ. ಸೋತೆ ಎಂದು ಓಣಿಯ ನಡುವೆ ನಿಂತು ಕೂಗಿದ ಹಾಗೆ ಅದು. ಹೂವಿಟ್ಟು, ಊದಿನಕಡ್ಡಿ ಹಚ್ಚಿ, ಎಲ್ಲರ ಎದುರು ಬಟ್ಟಲನ್ನು ಕೆಳಗಿಡಬೇಕೆಂದು ಅವಳು ಅಂದುಕೊಂಡಿದ್ದಳು. ಆ ಬಿಡುವುದೇ ಬೇರೆ, ಇದೇ ಬೇರೆ.

ಶರಣಬಸಪ್ಪನ ಮಗ್ಗದ ಮುಂದೆ ಕೂತು, ಹಿಡಿಯನ್ನು ಬೆರಳಲ್ಲಿ ಹುಡುಕಿ ಕೊಯ್ದಳು. ಅವನಿಗೆ ಅಷ್ಟು ಬೇಕಿರಲಿಲ್ಲ. "ವೈನಿ, ಸಿಟ್ಟಿನ್ಯಾಗ ಅಂದ್ನಿ" ಎಂದ. "ನಿನ್ನ ಮಾತಿನ್ಯಾಗ ಸುಳ್ಳ ಏನೂ ಇದ್ದಿಲ್ಲೋ ತಮ್ಮಾ. ನನ್ನ ಕಣ್ಣ ಹೋಗ್ಯಾವು" ಎಂದಳು. ಮೊದಲ ಸಲ ಹೇಳಿದ್ದು. ಹೇಳಿದರೆ ಏನೋ ಕುಸಿಯುತ್ತದೆ ಅಂದುಕೊಂಡಿದ್ದಳು. ಅವನ ಹೆಂಡತಿ ಒಳಗಿನಿಂದ ನೀರು ತಂದುಕೊಟ್ಟಳು, ಅಷ್ಟೇ.

ಹಾಗೇ ಮನೆಯಿಂದ ಮನೆಗೆ ಹೋದಳು. ಪ್ರತಿ ಮನೆಯಲ್ಲೂ ಒಂದೇ ಮಾತು, ಒಂದೇ ಕತ್ತರಿ ಸದ್ದು. ಗಾಳೆವ್ವ ಮಾತ್ರ ಬಾಗಿಲಿಗೆ ಅಡ್ಡ ನಿಂತಳು. "ನನ್ನ ಮನಿದು ಕೊಯ್ಯಬ್ಯಾಡ. ನಾ ಏನರ ಅಂದ್ನ್ಯಾ ನಿನಗ?"

"ನಿನಗ ಗೊತ್ತಿತ್ತಲ್ಲ, ಗಾಳಿ?"

"ಅವತ್ತ ಗೊತ್ತಾತು."

"ಮತ್ತ ಬಾಯಿ ಯಾಕ ಬಿಡ್ಲಿಲ್ಲ?"

"ನೀ ಯಾಕ ಬಿಡ್ಲಿಲ್ಲ?" ಎಂದಳು ಗಾಳೆವ್ವ. ಆಮೇಲೆ ತಾನೇ ಅನ್ನವ್ವನ ಕೈಹಿಡಿದು ಒಳಗೆ ಕರೆದೊಯ್ದು ಕೂರಿಸಿದಳು. ಕೊಯ್ಯುವಾಗ ಆಚೆ ಮುಖ ಮಾಡಿ ನಿಂತಳು.

ಮನೆಗೆ ಬಂದಾಗ ಹೊತ್ತು ಇಳಿಯುತ್ತಿತ್ತು. ಉಳಿದದ್ದು ತನ್ನದೊಂದೇ. ಹಸಿರು ಹಾಸಿನ ಮುಂದೆ ಕೂತು, ಎಡ ಅಂಚಿನ ತನ್ನ ಹಿಡಿಯನ್ನು ಹುಡುಕಿದಳು. ಸಿಕ್ಕಿತು. ಕತ್ತರಿ ತೆರೆದಳು. ಕೈ ಬರಲಿಲ್ಲ. ಎಳೆಗಳ ಮೇಲೆ ಅಂಗೈ ಆಡಿಸುತ್ತ ಹೋದಳು, ಇನ್ನು ಮುಟ್ಟುವುದಿಲ್ಲವಲ್ಲ ಎಂದು. ಬಲ ಅಂಚಿಗೆ ಬಂದಾಗ ಬೆರಳು ನಿಂತಿತು.

ಅಲ್ಲಿ ಎಳೆಗಳು ಬಿಡಿಯಾಗಿರಲಿಲ್ಲ. ಕೆಚ್ಚಿದ್ದವು. ಒಂದು ಹಿಡಿಯಲ್ಲ, ಎರಡಲ್ಲ, ಹಾಸಿನ ಕಾಲು ಭಾಗ. ತಿರುವು ತನ್ನದಲ್ಲ, ತದ್ವಿರುದ್ಧ.

"ನೀಲಾ!"

ನೀಲಾ ಬಂದು ನಿಂತಳು. ಹಿಟ್ಟಿನ ಕೈ.

"ಎಂದ ಮಾಡ್ದಿ?"

"ನೀವು ಹೊರಗ ಹೋದಾಗ, ಮಲಗಿದಾಗ. ದಿನಾ ಸ್ವಲ್ಪ ಸ್ವಲ್ಪ."

"ಕಲಿಸಿದವರ‍್ಯಾರು?"

"ನೀವ. ಕೆಚ್ಚೂ ಮುಂದ ಎಳಿಗೆ ಬೈತಿರ್ತೀರಲ್ಲ, ನಿಂದ ಆತು, ಇನ್ನ ನಿನ್ನ ತಂಗಿ ಬರ್ಲಿ, ಒತ್ತಿ ಹೊಸೀಬೇಕು, ಬೆನ್ನ ಮ್ಯಾಲ ಮಲಗಿಸಬೇಕು ಅಂತ. ರೊಟ್ಟಿ ಬಡಕೋಂತ ಕೇಳಿ ಕೇಳಿ ಕಲತೆ." ಒಂದು ಗಳಿಗೆ ಬಿಟ್ಟು ಸೇರಿಸಿದಳು, "ಕೊಯ್ಯೂದಿದ್ರ ಕೊಯ್ರಿ. ಆದ್ರ ಭುವನಕ್ಕಗ ಫೋನ್ ನೀವ ಮಾಡ್ರಿ."

ಅನ್ನವ್ವ ಒಂದೊಂದನ್ನೇ ಹಿಡಿದು ಜಗ್ಗಿದಳು. ಕಿತ್ತುಬರಲಿ ಎಂದೇ ಜಗ್ಗಿದಳು. ಒಂದು ಬಿಚ್ಚಿಕೊಂಡಿತು. "ನೋಡು!" ಎಂದಳು. ಆಮೇಲೆ ಜಗ್ಗಿದವು ಬಿಚ್ಚಲಿಲ್ಲ. ಅವಳ ಕೈ ನಿಧಾನವಾಯಿತು. ಕತ್ತರಿ ಎಲ್ಲಿಟ್ಟಳೋ ಮರೆತಳು. ಕುಣಿಯ ಪಕ್ಕ ಕೂತಿದ್ದ ಅಂದಾನಪ್ಪ ಅದನ್ನು ಮೆಲ್ಲಗೆ ತನ್ನ ತೊಡೆಯ ಅಡಿಗೆ ಸರಿಸಿಕೊಂಡ.

"ಬೂದಿ ಕಡಿಮಿ ಹಚ್ಚೀದಿ" ಎಂದಳು ಕೊನೆಗೆ. "ಅದಕ ಅದು ಬಿಚ್ಚಿತು."

ಮರುದಿನ ಬೆಳಗಿನಿಂದ ಇಬ್ಬರೂ ಕೂತರು. ಎಡದಿಂದ ಅನ್ನವ್ವ, ಬಲದಿಂದ ನೀಲಾ. ಓಣಿಯ ಉಳಿದ ಮನೆಗಳಲ್ಲಿ ತನ್ನ ಕೈ ಮುಗಿಯಿತು, ಮನೆಯ ಹಿಡಿ ಕೊಯ್ದಿಲ್ಲವಲ್ಲ, ಅದೊಂದು ಸಂದು ಉಳಿದಿದೆ ಎಂದು ತನಗೆ ತಾನೇ ಹೇಳಿಕೊಂಡಳು. ಕಣ್ಣುಮುಚ್ಚಿ ಬೆರಳಿನಿಂದ ಕೆಚ್ಚಿದಳು. ನೋಡುವುದಕ್ಕಿಂತ ಅದೇ ಮೇಲೆನಿಸಿತು. ನೀಲಾ ಐದು ಎಳೆ ಹಾಕಿದರೆ ಇವಳದು ಒಂದು. ಸಿಟ್ಟು, ನಾಚಿಕೆ ಎರಡೂ ಆಗುತ್ತಿತ್ತು. ಎರಡು ಕೈ ಬಿದ್ದ ಹಾಸು ಎಂದು ಮನಸ್ಸು ಒಳಗೇ ಕುಟುಕುತ್ತಿತ್ತು. ಮಹಾನವಮಿಯ ದಿನ ಓಣಿಯೆಲ್ಲ ಮಗ್ಗ ಪೂಜೆ ಮಾಡಿತು. ಇವರ ಮಗ್ಗಕ್ಕೂ ಹೂವು ಬಿತ್ತು, ಆದರೆ ಬೂದಿಯ ಬಟ್ಟಲು ಕೆಳಗಿಳಿಯಲಿಲ್ಲ. ಮರುದಿನ ಬನ್ನಿ ಕೊಡಲು ಬಂದ ಗಾಳೆವ್ವ ಅದನ್ನು ನೋಡಿದಳು. ತನ್ನ ಮನೆಗೆ ಇಳಕಲ್ಲಿನವಳು ಮತ್ತೆ ಬರುತ್ತಾಳೆಂದು ಹೇಳಿ ಹೋದಳು.

ಕೊನೆಗೊಂದು ಮಧ್ಯಾಹ್ನ ಇಬ್ಬರ ಕೈಗಳು ಹಾಸಿನ ನಡುವೆ ಒಂದಕ್ಕೊಂದು ತಗುಲಿದವು. ಅನ್ನವ್ವ ಉಸಿರು ಹಿಡಿದಳು.

"ಮುಗೀತೇನ?"

ನೀಲಾ ತುದಿಯ ಎಳೆಗಳನ್ನು ಬೆರಳಿನಿಂದ ಬಿಡಿಸಿ ನೋಡಿದಳು.

"ಮುಗೀತೇನ ಅಂದೆ."

"ಹಳೇದು ಒಂದು ಉಳದೈತ್ರಿ, ಅತ್ತಿ."

ಅಂದರೆ ಎಲ್ಲೋ ಒಂದು ಕಡೆ, ಒಂದೇ ಹಳೆಯ ಎಳೆಗೆ ಎರಡು ಹೊಸ ಎಳೆ ಬಿದ್ದಿವೆ, ನೇಯ್ದಾಗ ಅದು ಬಟ್ಟೆಯ ಉದ್ದಕ್ಕೂ ಗೆರೆಯಾಗಿ ಕಾಣುತ್ತದೆ. ಅನ್ನವ್ವ ಇಷ್ಟು ವರ್ಷ ಹೆದರಿದ್ದು ಇದಕ್ಕೇ. "ನಂದ ಇರ್ಬೇಕು" ಎಂದಳು. "ಇಲ್ರಿ, ನಂದ ಇರ್ಬೇಕು. ನಿನ್ನೆ ನಾ ಫೋನ್ ನೋಡಾಕ ಎದ್ದಿದ್ದೆ" ಎಂದಳು ನೀಲಾ. ಇಬ್ಬರೂ ಹುಡುಕಿದರು. ಒಬ್ಬಳಿಗೆ ಕಣ್ಣಿತ್ತು, ಅನುಭವವಿರಲಿಲ್ಲ. ಇನ್ನೊಬ್ಬಳಿಗೆ ತಿರುಗುಮುರುಗು. ಸಿಗಲಿಲ್ಲ. ಎಲ್ಲ ಬಿಚ್ಚಿ ಮತ್ತೆ ಕೆಚ್ಚುವಷ್ಟು ದಿನಗಳಿರಲಿಲ್ಲ.

"ಸರೀರಿ ಇಬ್ರೂ" ಎಂದ ಅಂದಾನಪ್ಪ. ಉಳಿದ ಎಳೆಗೆ ಉಂಡೆಯಿಂದ ಬೇರೆ ನೂಲು ಕೂಡಿಸಿದ. ಕುಣಿಗೆ ಇಳಿದು, ಎರಡೂ ಕೈಯಿಂದ ಹಾಸನ್ನು ತನ್ನ ಕಡೆ ಎಳೆಯತೊಡಗಿದ. ಕೆಚ್ಚಿನ ಸಾಲು ಫಣಿಯ ಹಲ್ಲುಗಳ ನಡುವೆ ನುಸುಳತೊಡಗಿತು. ಅಲ್ಲಲ್ಲಿ ಪಟ್ ಎಂದು ಎಳೆ ಹರಿಯುವ ಸದ್ದು. ಪ್ರತಿ ಸದ್ದಿಗೂ ಅನ್ನವ್ವನ ಭುಜ ಎಗರುತ್ತಿತ್ತು. "ಯಾವ ಕಡೀದು? ಎಡಕಿಂದೇನ, ಬಲಕಿಂದೇನ?" ಎಂದು ಕೇಳಿದಳು. "ನಡುವಿಂದು" ಎಂದ ಅವನು, ಪ್ರತಿ ಸಲವೂ.

ಹರಿದವನ್ನು ಕಟ್ಟಿಕೊಂಡು, ಸಂಜೆಯ ಹೊತ್ತಿಗೆ ಮೊದಲ ಗೇಣು ಹಸಿರು ಬಟ್ಟೆ ನೇಯ್ದ. ಬಹಳ ದಿನಗಳ ಮೇಲೆ ಆ ಮನೆಯಲ್ಲಿ ಲಾಳಿಯ ಸದ್ದಾಯಿತು. ಅನ್ನವ್ವ ಹತ್ತಿರ ಬಂದು ಬಾಗಿದಳು. ನೋಡಿದ ಜಾಗದಲ್ಲಿ ಬಟ್ಟೆ ಇರಲಿಲ್ಲ. ಸುತ್ತಲೂ ಹಸಿರಿತ್ತು.

"ಜೋಡೆಳಿ ಗೆರಿ ಬಿದ್ದೈತೇನ್ರಿ?"

"ಇಲ್ಲ" ಎಂದ ಅಂದಾನಪ್ಪ.

"ನೀಲಾ?"

"ಇಲ್ರಿ, ಅತ್ತಿ."

ಇಬ್ಬರೂ ಲಗುಬಗೆಯಿಂದ ಹೇಳಿದರು. ಅನ್ನವ್ವ ಬೂದಿಯ ಬೆರಳನ್ನು ಸೆರಗಿಗೆ ಒರೆಸಿಕೊಂಡು ಬಟ್ಟೆಯ ಮೇಲೆ ಈ ಅಂಚಿನಿಂದ ಆ ಅಂಚಿಗೆ ಎಳೆದಳು. ಒಂದು ಕಡೆ ಬೆರಳು ತುಸು ತಡೆಯಿತು, ಅಥವಾ ತಡೆಯಿತು ಅನ್ನಿಸಿತು. ಮತ್ತೊಮ್ಮೆ ಎಳೆದಳು. ಮೂರನೆಯ ಸಲ ಎಳೆಯಲಿಲ್ಲ.

ಕುಬಸಕ್ಕೆ ಆ ಸೀರೆ ಹೋಯಿತು, ಅಷ್ಟು ಗೊತ್ತಿದೆ. ಅದರಲ್ಲಿ ಗೆರೆ ಇತ್ತೋ ಇಲ್ಲವೋ ಗೊತ್ತಿಲ್ಲ. ಇದ್ದಿದ್ದರೆ ಯಾವ ಕೈಯದು ಎಂಬುದೂ ಗೊತ್ತಿಲ್ಲ. ಮಗ್ಗದ ಮೇಲೆ ನೋಡಿದವರು ಅಂದಾನಪ್ಪ, ನೀಲಾ ಇಬ್ಬರೇ, ಅವರನ್ನು ಯಾರೂ ಮತ್ತೆ ಕೇಳಿಲ್ಲ.